ಆಷಾಢದ ಬ್ಯಾಂಡ್‌ಸೆಟ್ಟು

ಆಷಾಢ. ಮದುವೆಗಳಿಲ್ಲ.
ಎದುರಿನ ಬ್ಯಾಂಡ್ ಕಂಪನಿಯ ಒಂಟಿ ಕೋಣೆಯಲ್ಲಿ
ಕೆಂಪು ಕೋಟುಗಳು ಮೊಳೆಗೆ ನೇತುಬಿದ್ದು
ತೋಳು ಇಳಿಬಿಟ್ಟು ನಿದ್ದೆ ಹೋಗಿವೆ.
ಮಧ್ಯಾಹ್ನ ಮೂರಕ್ಕೆ, ಕರೆಂಟು ಹೋದ ಹೊತ್ತಿಗೆ ಸರಿಯಾಗಿ,
ತಿಪ್ಪೇಶಿ ಕ್ಲಾರಿಯೋನೆಟ್ಟಿನ ಪೆಟ್ಟಿಗೆ ತೆಗೆಯುತ್ತಾನೆ.
ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸುತ್ತಾನೆ
ಜ್ವರದ ಮಗು ಥರ್ಮಾಮೀಟರು ಕಚ್ಚಿಕೊಂಡ ಹಾಗೆ.

ನನ್ನದು ಕಾಲಲ್ಲಿ ತುಳಿಯುವ ಮಿಷನ್ನು,
ಕರೆಂಟಿನ ಹಂಗಿಲ್ಲ.
ಪಿ.ಜೆ. ಬಡಾವಣೆಯ ಡಾಕ್ಟರಮ್ಮನ ಎರಡು ರವಿಕೆ:
ಒಂದು ನವಿಲು ಬಣ್ಣದ್ದು, ಒಂದು ಮೆಂತ್ಯದ ಬಣ್ಣದ್ದು.

ಮೊದಲು ಕೆಳಗಿನ ಸ್ವರ. ಉದ್ದಕ್ಕೆ.
ಒದ್ದೆ ಬಟ್ಟೆ ಎಳೆದ ಹಾಗೆ ನೆಲಕ್ಕಂಟಿ
ರಸ್ತೆ ದಾಟಿ, ನನ್ನ ಮೆಟ್ಟಿಲು ಹತ್ತಿ,
ಬಂದದ್ದೇ ತಡ
ಕಾಟನ್ ಮಿಲ್ಲಿನ ಸೈರನ್ನಾಗುತ್ತದೆ,
ಒಂದು ಕಾಲಕ್ಕೆ ದಾವಣಗೆರೆಯ ನಮ್ಮ ಓಣಿಗೆಲ್ಲ
ಅನ್ನಕ್ಕೆ ಎಸರಿಡು ಅಂತ ಹೇಳುತ್ತಿದ್ದ ಸೈರನ್ನು.
ಗೇಟಿನಿಂದ ಸೈಕಲ್ಲುಗಳು, ಸೈಕಲ್ಲುಗಳು,
ನಡುವೆ ಅಪ್ಪ.
ಹುಬ್ಬಿನ ಮೇಲೆ, ಕಿವಿಯ ಸುರುಳಿಯಲ್ಲಿ ಹತ್ತಿಯ ಎಳೆ.
ಮೂವತ್ತೆರಡರ ಅಪ್ಪ ದಿನಾ ಸಂಜೆ
ಅರ್ಧ ತಾಸು ಮುದುಕನಾಗಿರುತ್ತಿದ್ದ;
ಮುಖ ತೊಳೆದರೆ ಮತ್ತೆ ಹುಡುಗ.
ಒಳಗೆ ಹೋದ ಹತ್ತಿಯನ್ನು ತೊಳೆಯಲಾಗಲಿಲ್ಲ.

ವಿಚಿತ್ರವೆಂದರೆ ಆಗ ನನಗೆ ಅಳು ಬರುವುದಿಲ್ಲ.
ಬರುವುದು ಆಮೇಲೆ,
ಅವನು ಮೇಲಿನ ಸ್ವರಕ್ಕೆ ಜಿಗಿದು, ತುಸು ಜಾರಿ,
ಅಲ್ಲೇ ಹೇಗೋ ಹಿಡಿದುಕೊಂಡು ನಿಂತಾಗ.
ಆಗ ಕಾಣುವುದು ಒಂದು ಸ್ಟೀಲಿನ ಲೋಟ.
ಕೊಂಡಜ್ಜಿ ಕೆರೆಯ ದಂಡೆ, ಶಾಲೆಯ ಪಿಕ್‌ನಿಕ್ಕು,
ಯಾರದೋ ಲೋಟ ನೀರಿಗೆ ಬಿದ್ದು
ಮುಳುಗುವ ಮುಂಚೆ ಒಮ್ಮೆ ಬಿಸಿಲು ಹಿಡಿಯಿತು. ಅಷ್ಟೇ.
ನನ್ನ ಲೋಟವೂ ಅಲ್ಲ ಅದು.
ಅದಕ್ಕೇಕೆ ಗಂಟಲು ಕಟ್ಟಬೇಕು
ನಲವತ್ತೊಂಬತ್ತರ ಹೆಂಗಸಿಗೆ,
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತವಳಿಗೆ?

ಮಂಡಕ್ಕಿ ಭಟ್ಟಿಯಿಂದ ಬಂದ ಶಾಹಿದಾ
ಮೆಟ್ಟಿಲ ಮೇಲೆ ಕೂತು ಅದನ್ನೇ ಕೇಳುತ್ತಾಳೆ.
ಅವಳ ಸೆರಗಲ್ಲಿ ಹೊಟ್ಟಿನ ಹೊಗೆ.
‘ನಿಂಗೇನು ಕಾಣ್ತೈತೆ?’ ಅಂದೆ.
‘ಕಾಣಾದೇನಿಲ್ಲಕ್ಕ. ಮರಳು ಕಾದು
ಅಕ್ಕಿ ಅರಳೋಕೆ ಮುಂಚೆ ಒಂದ್ ಗಳಿಗೆ ಸುಮ್ಮನಿರ್ತೈತಲ್ಲ,
ಹೊಟ್ಟೆಯೊಳಗೆ ಹಂಗಾಗ್ತೈತೆ.’
ಆಮೇಲೆ ನೀರು ಕೇಳಿದಳು. ಎರಡು ಚೊಂಬು ಕುಡಿದಳು.

ಕೋಟಿಗೆ ಗುಂಡಿ ಹಾಕಿಸಲು ಬಂದ ತಿಪ್ಪೇಶಿಯನ್ನು
ಕೇಳಿಯೇಬಿಟ್ಟೆ ಒಂದು ಸಂಜೆ:
ಊದುವಾಗ ನಿನ್ನ ಕಣ್ಣ ಮುಂದೆ ಏನು ಬರುತ್ತದಪ್ಪ?
ಅವನು ತಲೆ ಕೆರೆದುಕೊಂಡ.
‘ಮುಂದೆ ಕುದುರೆ, ಕೆಳಗೆ ಚರಂಡಿ.
ನಾವು ನಡಕೊಂತ ಊದೋರು, ಅಕ್ಕ,
ಕಣ್ ಮುಚ್ಚಂಗಿಲ್ಲ.
ಮುಚ್ಚಿದ್ರೆ ಜನರೇಟರ್ ಗಾಡಿ ಕಾಲ್ ಮ್ಯಾಲೆ ಹತ್ತತೈತೆ.’
ನಕ್ಕ. ನಾನೂ ನಕ್ಕೆ.
ಗುಂಡಿಗೆ ದುಡ್ಡು ಬೇಡವೆಂದರೂ ಇಟ್ಟ.
ಬಾಗಿಲಲ್ಲಿ ತಿರುಗಿ, ‘ಆಷಾಢದಾಗ ಮಾತ್ರ,’ ಅಂದ,
‘ಕುರ್ಚಿ ಮ್ಯಾಲೆ ಕುಂತು ಊದ್ತೀನಲ್ಲ, ಆಗ...’
ಯಾವುದೋ ಆಟೋದ ಹಾರನ್ನು.
ಕೇಳಿಸಲಿಲ್ಲ. ಅವನು ಇಳಿದು ಹೋಗಿಯಾಗಿತ್ತು.

ಅವತ್ತಿನಿಂದ
ಸೈರನ್ನು ಕೂಗಿ ಸೈಕಲ್ಲುಗಳು ಹೊರಟಾಗ
ಅಪ್ಪನ ಹಿಂದೆ ಇನ್ನೊಬ್ಬರಾರೋ ಬರುತ್ತಾರೆ.
ನಮ್ಮವರಲ್ಲ. ಅವನ ಕಡೆಯವರಿರಬೇಕು.
ಮುಖ ಕಾಣುವುದಿಲ್ಲ, ಕೈಯಲ್ಲಿ ಏನೋ ಇದೆ.
ಕೂತು ಹೋಗಿ ಅನ್ನೋಣವೆಂದರೆ
ಹೆಸರು ಗೊತ್ತಿಲ್ಲ.

ಡಾಕ್ಟರಮ್ಮ ಬಂದು ತೋಳು ತಿರುಗಿಸಿ ನೋಡಿ
‘ಇಲ್ಲಿ ಹೊಲಿಗೆ ಸೊಟ್ಟಗಾಗಿದೆಯಲ್ಲ?’ ಅಂದರು.
ಹೌದು. ಲೋಟ ಬಿದ್ದ ಜಾಗ ಅದು. ಹೇಳಲಿಲ್ಲ.
ರಾತ್ರಿ ಬ್ಲೇಡಿನಲ್ಲಿ ದಾರ ಬಿಚ್ಚಿ
ಬಲ್ಬಿಗೆ ಹಿಡಿದೆ.
ಮೆಂತ್ಯದ ಬಣ್ಣದ ರೇಷ್ಮೆಯಲ್ಲಿ
ಸಾಲು ತೂತು, ಸ್ವಲ್ಪ ಓರೆಗೆ.
ಬೆರಳಿಟ್ಟು ಮುಚ್ಚಿದೆ, ತೆಗೆದೆ,
ಮುಚ್ಚಿದೆ.
ರೇಷ್ಮೆಗೆ ಒಮ್ಮೆ ಸೂಜಿ ಹೋಯಿತೆಂದರೆ
ಇಸ್ತ್ರಿ ಹಾಕಿದರೂ ಕೂಡುವುದಿಲ್ಲ.

ಎದುರು ಕೋಣೆಯಲ್ಲಿ ದೀಪವಿತ್ತು.
ಶ್ರಾವಣಕ್ಕೆ ಇನ್ನು ಆರು ದಿನ.