ಹೊತ್ತು ಮುಳುಗುವ ಮುಂಚೆ

ವರ್ಷಕ್ಕೊಂದು ದಿನ
ದೇವರನ್ನು ಬೈಯಲು ನಮಗೆ ಅಪ್ಪಣೆ.
ಬೇಟೆಗೆಂದು ಕಾಡಿಗೆ ಕರೆದೊಯ್ದು
ನಡುದಾರಿಯಲ್ಲಿ ಕೈಬಿಟ್ಟವನಲ್ಲವೆ ಅವನು,
ಹೆಣ್ಣೊಬ್ಬಳ ಬೆನ್ನುಹತ್ತಿ.
ಆ ಸಿಟ್ಟು ಇನ್ನೂ ಆರಿಲ್ಲ.
ಕುಂಡೆ ಹಬ್ಬಕ್ಕೆ ದೇವರಪುರದ ದಾರಿಯುದ್ದಕ್ಕೂ
ಸೋರೆಬುರುಡೆ, ಎಣ್ಣೆ ಡಬ್ಬ, ನೀಲಿ ಪ್ಲಾಸ್ಟಿಕ್ ಡ್ರಮ್ಮು.
ಗೋಣಿಕೊಪ್ಪದ ಅಂಗಡಿಯವರು
ಬೈಸಿಕೊಂಡು, ನಕ್ಕು, ಹತ್ತು ರೂಪಾಯಿ ಕೊಡುತ್ತಾರೆ.

ಗಂಡಸರು ಅವತ್ತು ಹೆಂಗಸರು.
ಬೊಳಕ ಉಟ್ಟಿದ್ದು ಪಾಲಿಯ ಹಸಿರು ಸೀರೆ,
ತೊಟ್ಟಿದ್ದು ಅವಳದೇ ರವಿಕೆ.
ಎಡಭುಜದಲ್ಲಿ ಬೇರೆ ಬಣ್ಣದ ದಾರ, ಅಡ್ಡಾದಿಡ್ಡಿ ಹೊಲಿಗೆ.
ಕಾಫಿ ಕುಯ್ಲಿನ ಬಟವಾಡೆಯ ರಾತ್ರಿ
ಅವನೇ ಹರಿದ ಜಾಗ.
ಅವನಿಗದು ನೆನಪಿದ್ದಂತಿರಲಿಲ್ಲ.

ಲೈನ್‌ಮನೆಯ ಗೋಡೆ ಒಂದೇ ಇಟ್ಟಿಗೆಯ ದಪ್ಪ.
ಈಚೆ ನಾನು ಗಂಜಿ ಬಸಿಯುವಾಗ
ಆಚೆಯ ಪೆಟ್ಟು ಎಣಿಸುವಷ್ಟು ಸ್ಪಷ್ಟ.
ಎಣಿಸಿದ್ದೇನೆ. ಹೇಳಲು ನಾಚಿಕೆ.
ಒಮ್ಮೆ ಏಳಕ್ಕೆ ಲೆಕ್ಕ ಬಿಟ್ಟು ಟಿ.ವಿ. ಸದ್ದು ಏರಿಸಿದೆ.
ತೋಟದ ರೈಟರ್ ಅಂದ, ಅದು ಅವರವರ ಮನೆ ವಿಷಯ.
ಹಣ್ಣಿನ ಚೀಲ ತೂಗುವಾಗ
ಅವನ ಕೈ ಎಲ್ಲೆಲ್ಲಿ ತಗಲುತ್ತದೆ, ಅದೂ ಗೊತ್ತು ನಮಗೆ.
ಅದು ಯಾರ ಮನೆ ವಿಷಯವೋ.
ಠಾಣೆಯಲ್ಲಿ ಪಾಲಿಯನ್ನೇ ಕೇಳಿದರು:
'ನೀನು ಕುಡಿಯಲ್ವಾ?'
ಹಾಡಿ ಜನ ಅಂದರೆ ಹೀಗೇ ಅಂತ
ಎಲ್ಲೋ ಬರೆದಿಟ್ಟುಕೊಂಡಿದ್ದಾರೆ.

ಕರಿಚ್ಚಿ ಅಜ್ಜಿ ಬರೆದದ್ದು ಯಾವುದನ್ನೂ ನಂಬುವವಳಲ್ಲ.
ಆ ಸಂಜೆ, ಹಬ್ಬ ಮುಗಿಸಿ ಬಂದು
ಬೊಳಕ ಸೀರೆ ಬಿಚ್ಚಲು ಹೋದಾಗ
'ಇರು' ಅಂದಳು.
'ಇನ್ನೂ ಹೊತ್ತು ಮುಳುಗಿಲ್ಲ.
ಅಲ್ಲೀತನಕ ನೀನು ಹೆಂಗಸು. ಕೂತ್ಕೊ, ಕೇಳು.
ಬಿಟ್ಟು ಹೋದ ದೇವರನ್ನ ವರ್ಷಾ ವರ್ಷಾ ಬೈತೀವಿ.
ಬಿಡದೆ ಹಿಡಿದು ಹೊಡೆಯೋನಿಗೆ
ಬೈಗುಳ ಇಲ್ವಾ ನಮ್ಮಲ್ಲಿ?'

ಇತ್ತು. ಬೇಕಾದಷ್ಟಿತ್ತು.
ಮೊದಲು ಐದು ಜನ, ಆಮೇಲೆ ಹದಿನಾರು.
ದೇವರಿಗೂ ಅಂದಿರದ ಮಾತು ಕೆಲವು,
ಇಲ್ಲಿ ಬರೆಯಲಾರೆ.
ಪಾಲಿ ಮಾತ್ರ ಬೈಯಲಿಲ್ಲ.
ಮುಂದೆ ಬಂದು ರವಿಕೆಯ ಆ ಹೊಲಿಗೆಯ ಮೇಲೆ
ಬೆರಳಿಟ್ಟಳು.
ಬೊಳಕ ನಕ್ಕ, ಹಬ್ಬದ ಮಾತೆಂದುಕೊಂಡು.
ನಗು ಮುಗಿಯಿತು.
ಬೆರಳು ಅಲ್ಲೇ ಇತ್ತು.

ಡ್ರಮ್ಮು ಆ ವರ್ಷ ಅಟ್ಟಕ್ಕೆ ಹೋಗಲಿಲ್ಲ.
ಹಲಸಿನ ಕೊಂಬೆಗೆ ತೂಗುಹಾಕಿದೆವು, ಪಕ್ಕಕ್ಕೊಂದು ಕೋಲು.
ಯಾವ ಗೋಡೆಯಾಚೆ ಕೂಗೆದ್ದರೂ
ಕೇಳಿಸಿಕೊಂಡವರು ಬಡಿಯಬೇಕು,
ಪೆಟ್ಟು ತಿಂದವಳಲ್ಲ.
ಉಳಿದವರು ಟಾರ್ಚು ಹಿಡಿದು
ಆ ಬಾಗಿಲಲ್ಲಿ ಬಂದು ನಿಲ್ಲಬೇಕು. ಸುಮ್ಮನೆ ನಿಂತರೂ ಸಾಕು.
'ರೈಟರನ ಬಾಗಿಲೂ ಬಾಗಿಲೇ' ಅಂದಳು ಅಜ್ಜಿ.
ಮರುದಿನ ಅವನೇ ಬಂದು ತಲೆಯೆತ್ತಿ ನೋಡಿದ.
'ಇದೇನು, ಆನೆ ಓಡಿಸೋಕಾ?'
'ಹೌದು ಸಾರ್' ಅಂದೆ.

ಎಲ್ಲ ಸರಿಹೋಯಿತು ಅನ್ನುವುದಿಲ್ಲ.
ಆಟಿ ತಿಂಗಳ ಮಳೆಯಲ್ಲಿ ಎರಡು ಸಲ ಬಡಿದದ್ದುಂಟು.
ಒಂದು ಸಲ ನಮ್ಮ ಮನೆಗೇ. ನನ್ನಣ್ಣ.
ಒದ್ದೆ ಕೋಲು, ಜಾರುವ ಕೈ.
ಅತ್ತಿಗೆಯ ಕೂಗು ಇನ್ನೊಮ್ಮೆ ಕೇಳುವವರೆಗೂ ಕಾದೆ,
ಅಷ್ಟು ತಪ್ಪು ನನ್ನದು.
ಆಮೇಲೆ ಬಡಿದೆ.

ನಿನ್ನೆ ಮಧ್ಯಾಹ್ನ, ನಾಲ್ಕು ವರ್ಷದ ತೋಲ
ಬುಟ್ಟಿ ಮಗುಚಿ, ಮೇಲೆ ಹತ್ತಿ,
ಆಟಕ್ಕೆ ಬಾರಿಸಿಬಿಟ್ಟ.
ಕಾಫಿ ಸಾಲುಗಳ ನಡುವಿಂದ
ಕಳೆಗತ್ತಿ ಹಿಡಿದವರು, ಮಣ್ಣುಗೈಯವರು,
ಅರ್ಧ ಅಗಿದ ಎಲೆಯಡಿಕೆ ಉಗಿಯುತ್ತ, ಎಲ್ಲ ಓಡಿ ಬಂದರು.
ಕಡೆಗೆ ಬಂದವನು ಬೊಳಕ, ಏದುಸಿರಲ್ಲಿ:
'ಯಾರ ಮನೆ?'

ತೋಲನನ್ನು ಯಾರೂ ಗದರಲಿಲ್ಲ.
ಪಾಲಿ ಹಗ್ಗ ಸಡಿಲಿಸಿ
ಡ್ರಮ್ಮನ್ನು ಒಂದು ಗೇಣು ಕೆಳಗಿಳಿಸಿದಳು,
ಬುಟ್ಟಿಯಿಲ್ಲದೆಯೂ ಎಟುಕುವ ಹಾಗೆ.