ಅಡ್ಡಹೆಸರು

ಮಗ್ಗದ ಕುಣಿಯೊಳಗ, ಬಲಗಾಲಿನ ಮಗ್ಗಲಕ,
ಮಣ್ಣಗ್ವಾಡಿ ಬಿರುಕಿನ್ಯಾಗ ಒಂದು ಗಿಡ ಹುಟ್ಟೇತಿ.
ಗಿಡ ಅನ್ನಾಕೂ ನಾಚಿಕಿ,
ಚೋಟುದ್ದ ಕಡ್ಡಿ, ತುದೀಗೆ ಬಿಳೇ ಹೂವು
ಜ್ವಾಳದ ನುಚ್ಚಿನಷ್ಟು.
ಮುಂಜಾನೆ ಒಂದು ತಾಸು ಕಿಡಕಿ ಬಿಸಲು
ಹಾಸಿನ ಎಳಿಯೊಳಗ ಸೋಸಿಕೊಂಡು ಕೆಳಗ ಇಳೀತೈತಿ.
ಉಳದ ಹೊತ್ತೆಲ್ಲಾ ಅದಕ್ಕ ನನ್ನ ಕಾಲಿನ ನೆಳ್ಳ.

ನೆಲದ ತಂಪಿಗೆ ಎಳಿ ಹರಿಯೂದಿಲ್ಲ,
ಅದಕ್ಕ ಕುಣಿ ತೋಡೂದು, ಅಂತಿದ್ಲು ನಮ್ಮತ್ತಿ.
ನೂಲಿಗಂತ ಕಾದಿಟ್ಟ ತಂಪು
ಕದ್ದು ಕುಡದೈತಿ ಇದು.

ನಾ ಕಂಡದ್ದು ಶೀಗಿಹುಣ್ಣಿವಿ ಮುಂದ,
ಲಾಳಿ ಜಾರಿ ಕೆಳಗ ಬಿದ್ದಾಗ.
ಕಿತ್ತು ಒಗೀಬೇಕಂತ ಬಗ್ಗಿದೆ.
ಆಮ್ಯಾಲೆ ಹಣಗಿ ಕರೀತು, ಮರತೆ.
ಮರತೆ ಅನ್ನೂದು ಸುಳ್ಳು.
ಅವತ್ತಿಂದ ಬಲಗಾಲು
ತುಳಿಹಲಗಿ ಮ್ಯಾಲೆ ಒಂದು ಬೆರಳು ಎಡಕ್ಕ ಸರದು ಬೀಳತೈತಿ.

ಬಾಜೂಮನಿ ಅಂಬುಜಾ, ಕಾಲೇಜಿನಾಕಿ,
ಭೂತಗನ್ನಡಿ ಹಿಡಕೊಂಡು ಕುಣಿಯೊಳಗ ತಲಿ ಇಳಿಬಿಟ್ಲು.
ಜಡಿ ನೆಲ ಮುಟ್ಟಿತ್ತು.
"ಚಿಗವ್ವ, ಎಸಳು ನಾಕು ನೋಡು,
ಎರಡು ಉದ್ದಕ, ಎರಡು ಅಡ್ಡಕ."
ಹಾಸು, ಹೊಕ್ಕು, ಅಂದೆ ನಾನು.
"ಒಳಗ ಕೇಸರ ಆರು. ನಾಕು ಉದ್ದ, ಎರಡು ಗಿಡ್ಡ."
ಗಿಡ್ಡ ಯಾಕ? ಎಳಿ ಹರದಾವೇನು?
"ಹರದಿಲ್ಲ. ಇದರ ಮನಿತನಾನ ಹಂಗ.
ಸಾಸಿವಿ ಮನಿತನ."
ಒಗ್ಗರಣಿಗೆ ಬರತೈತೇನು, ಅಂದೆ.
ನಕ್ಕು ನಕ್ಕು ಭೂತಗನ್ನಡಿ ಕೆಡವಿದ್ಲು.

ಅಂದರ ಅಡ್ಡಹೆಸರು ಸಾಸಿವಿ.
ಇರಲಿ. ಬೆಟಗೇರ್ಯಾಗ ಇದೇನು ಹೊಸಾದಲ್ಲ.
ನಮ್ಮ ಓಣ್ಯಾಗ ಮೆಣಸಿನಕಾಯಿಯವರು ಅದಾರ,
ಚಟ್ನಿ ನೆತ್ತಿಗೇರಿದರ ಅಳೂ ಮಂದಿ.
ಉಳ್ಳಾಗಡ್ಡಿಯವರು ಅದಾರ, ಹತ್ತಿಯವರು, ಬೆಲ್ಲದವರು
(ಬೆಲ್ಲದವರ ಮುದುಕಿ ಬಾಯಿ ಕೇಳಬ್ಯಾಡ್ರಿ).
ನಾವು ಗಂಜಿಯವರು.
ನೂಲಿಗೆ ಕುಡಿಸೂದೂ ಅದನ್ನ,
ಕೂಲಿ ತಡಾ ಆದ ವಾರ ನಾವು ಕುಡಿಯೂದೂ ಅದನ್ನ.

ಹೆಸರೇನ ಹಂಗಾರ ಇದರದ್ದು?
ಅಂಬುಜಾ ಪುಸ್ತಕ ತಿರುವಿದ್ಲು.
ಪರದೇಶದ ಮಾತಿನ್ಯಾಗ ಉದ್ದನ್ನ ಹೆಸರು ಸಿಕ್ಕಿತು,
ನನ್ನ ನಾಲಿಗಿಗೆ ಹತ್ತಲಿಲ್ಲ.
ನಮ್ಮ ಮಾತಿನ್ಯಾಗಿಂದು ಆಕಿಗೆ ಸಿಗಲಿಲ್ಲ.

ಸಂಘದ ವಹಿಯೊಳಗ ಬರದಾರ:
ಗಂಜಿ, ಮಗ್ಗ ಹದಿನಾಕು.
ಹದಿನಾಕನೇ ಮಗ್ಗದಾಗ ಇಳಿಬಿಟ್ಟ ಕಾಲು ಯಾರವು,
ಅದಕ್ಕ ಕಾಲಂ ಇಲ್ಲ.
ಸಕ್ರವ್ವ,
ಅಂತ ಕುಣಿಯೊಳಗ ಬಗ್ಗಿ ನಾನ ಹೇಳಿದೆ.
ಗಿಡ ಏನೂ ಅನ್ನಲಿಲ್ಲ.
ಪಾಪ, ಅದಕ್ಕ ತನ್ನದ ಗೊತ್ತಿಲ್ಲ.

ಆ ವಾರ ದಡ್ಯಾಗ ನಾಕೆಸಳಿನ ಹೂವು ತಗದೆ,
ನಡುವ ಆರು ಎಳಿ, ಎರಡು ಗಿಡ್ಡ ಬಿಟ್ಟು.
ಗಣಪತಸಾ ಅಂಗಡ್ಯಾಗ ಸೀರಿ ಬೆಳಕಿಗೆ ಹಿಡದ್ರು,
ಚಾಳೀಸು ಮೂಗಿನ ತುದಿಗೆ ಇಳಿಸಿ.
"ಹೂವಿಗೆ ಐದು ಎಸಳು ಇರತಾವವ್ವಾ.
ಎರಡು ಎಳಿ ಬ್ಯಾರೆ ಕಮ್ಮಿ. ಕಣ್ಣು ತೋರಿಸಿಕೋ."
ಅರವತ್ತು ರೂಪಾಯಿ ಮುರಕೊಂಡ್ರು.
ಸಾಸಿವಿ ಮನಿತನದ್ದರಿ ಇದು, ಅನ್ನಬೇಕಂದೆ.
ಅನ್ನಲಿಲ್ಲ. ರೊಕ್ಕ ಎಣಿಸಿಕೊಂಡು,
ಬಸ್ಸಿಗೆ ಕೊಡದ, ಗದಗಿನಿಂದ ನಡಕೋತ ಬಂದೆ.
ದಾರ್ಯಾಗ ಗಟಾರದ ದಂಡಿಗೆ ಎಷ್ಟೊಂದು ಬಿಳೇ ಹೂವು.
ನಾಕು. ನಾಕು. ಐದು. ನಾಕು.

ಈಗ ಹೂವು ಉದುರಿ ಸೂಜಿಯಂಥಾ ಕಾಯಿ ನಿಂತಾವ.
ಇವತ್ತು ತುಳಿಯೂ ಮುಂದ ಹೆಬ್ಬೆರಳು ತಾಕಿತು.
ಟಿಕ್ ಅಂತ ಸಿಡದು
ಬೀಜ ಪಾದದ ಮ್ಯಾಲೆ, ಕಾಲುಂಗರದ ಸಂದ್ಯಾಗ,
ಸುತ್ತಿದ ಸೀರಿ ಮಡಿಕ್ಯಾಗ. ಕೆಲವು ಎಲ್ಲಿ ಹೋದುವೋ.
ನಾಳೆ ಆ ಸೀರಿ ಹುಬ್ಬಳ್ಳಿ ಪ್ಯಾಟಿಗೆ,
ಅಲ್ಲಿಂದ ಯಾರ ಮೈಮ್ಯಾಲೋ, ಯಾರ ಹಿತ್ತಲ ಹಗ್ಗದ ಮ್ಯಾಲೋ.

ದೀಪ ಹಚ್ಚೂ ಹೊತ್ತಾತು.
ಕಾಲು ತೊಳಕೊಂಡು ಬಾ, ಅಂತ ಒಳಗಿಂದ ಕರದ್ರು.
ಬಂದೆ, ಅಂದೆ.
ತೊಳದಿಲ್ಲ ಇನ್ನೂ.