ಶೇಕಡಾ ಗುಂಡಿ

ಗುಳೇದಗುಡ್ಡದ ಖಣದಂಗಡಿ, ಗಲ್ಲಾದ ಮೇಲೆ
ನನ್ನ ಕ್ಯಾಲ್ಕುಲೇಟರು.
ಏಳನ್ನು ಎರಡು ಸಲ ಒತ್ತಬೇಕು, ಮೂರರ ಬಣ್ಣ ಹೋಗಿದೆ,
ಪೂರಾ ಅಳಿಸಿಹೋದದ್ದು ಮಾತ್ರ ಶೇಕಡಾ ಗುಂಡಿ:
ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ನಡುವೆ ಓರೆಗೆರೆ
ಇದ್ದವು ಅಲ್ಲಿ.
ಗುರುತು ಹೋದರೂ ಬೆರಳಿಗೆ ದಾರಿ ಗೊತ್ತು,
ಕರೆಂಟು ಹೋದಾಗ ಕಡ್ಡಿಪೆಟ್ಟಿಗೆ ಸಿಗುವ ಹಾಗೆ.

ನಾನು ಮಗ್ಗದವರ ಮಗಳು.
ಮಗ್ಗಿ ಕಲಿತದ್ದು ಮಗ್ಗದ ಕುಣಿಯ ದಂಡೆಯಲ್ಲಿ ಕೂತು:
ಲಾಳಿ ಆಚೆ ಹೋದರೆ ಏಳೊಂದ್ಲೆ ಏಳು,
ಈಚೆ ಬಂದರೆ ಏಳೆರಡ್ಲೆ ಹದಿನಾಲ್ಕು.
ಎಳೆ ಕಡಿದಾಗ ಮಗ್ಗಿಯೂ ನಿಲ್ಲುತ್ತಿತ್ತು.
ಇವತ್ತಿಗೂ ಏಳೆಂಟ್ಲೆ ಎಷ್ಟೆಂದರೆ
ಮೊದಲು ಅಪ್ಪ ಗಂಟು ಹಾಕುವುದು ಕಾಣುತ್ತದೆ.

ಸಾಹುಕಾರ ರಾಚಪ್ಪನವರದು ಬೇರೆ ಲೆಕ್ಕ.
ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಏರುತ್ತದೆ:
"ನೂರಕ್ಕ ಹನ್ನೆರಡೂವರೆ ಅಂದ್ರ ರೂಪಾಯಿಗೆ ಎರಡಾಣೆ.
ಇಷ್ಟಕ್ಯಾಕ ಬೇಕವಾ ನಿನ್ನ ಮಷೀನು?"
ಆಣೆ ಅವರಪ್ಪನ ಕಾಲಕ್ಕೇ ಮುಗಿಯಿತು,
ಅವರ ಬೆರಳಲ್ಲಿ ಇನ್ನೂ ಚಲಾವಣೆಯಲ್ಲಿದೆ.
ಸುಳ್ಳು ಹೇಳುವವರಲ್ಲ. ಅವರ ಮಾತು ಹದಿನಾರಾಣೆ.
ನನ್ನದು ನೂರಕ್ಕೆ ನೂರು.
ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಆರೂಕಾಲು ಬರುತ್ತದೆ,
ಜಗಳ ಬರುವುದಿಲ್ಲ.

ಮಂಗಳವಾರ ತಿಪ್ಪವ್ವ ಬಂದಳು, ಬಗಲಲ್ಲಿ ಗಂಟು.
ಡಜನ್ ಖಣ, ಒಂದರಲ್ಲೂ ಎಳೆ ತಪ್ಪಿಲ್ಲ,
ಬಿಡಿಸಿ ಹಿಡಿದರೆ ಸೂಜಿಮಲ್ಲಿಗೆಯ ಸಾಲು.
ಹೋದ ವರ್ಷ ಗಿರಾಕಿ ಇಲ್ಲದಾಗ
ಡಜನ್ನಿಗೆ ನಾನೂರಿದ್ದ ಮಜೂರಿಯಲ್ಲಿ
ನೂರಕ್ಕೆ ಹತ್ತು ಕಳೆದಿದ್ದರು.
ಈಗ ಸಾಹುಕಾರರು ಅಡಕೆ ಕತ್ತರಿಸುತ್ತ, ನಕ್ಕು:
"ಹೋದ ವರ್ಷ ಹತ್ತು ಕಡದಿದ್ದೆ, ಈ ವರ್ಷ ಹತ್ತು ಕೂಡಸೇನಿ.
ಅಲ್ಲಿಗಲ್ಲಿಗೆ ಸರಿ ಆತಿಲ್ಲೊ?"

ಒತ್ತಿದೆ. ಮುನ್ನೂರರವತ್ತು. ಕೂಡು. ಹತ್ತು. ಶೇಕಡಾ.

ಮುನ್ನೂರಾ ತೊಂಬತ್ತಾರು.

ನಾಲ್ಕು ರೂಪಾಯಿ ಎಲ್ಲೋ ಹೋಗಿದೆ.
ಗಲ್ಲಾದಡಿ ಇಲ್ಲ, ಜಮಖಾನೆಯ ಕೆಳಗಿಲ್ಲ,
ಯಾರೂ ಕದ್ದಿಲ್ಲ.
ಹತ್ತು ಹೋಯಿತು, ಹತ್ತು ಬಂತು,
ದಾರಿಯಲ್ಲಿ ಇಷ್ಟು ಸವೆಯಿತು.

ಕ್ಯಾಲ್ಕುಲೇಟರನ್ನು ಸಾಹುಕಾರರ ಕಡೆ ತಿರುಗಿಸಿದೆ.
ಅಡಕತ್ತು ನಿಂತಿತು.
ತಾವೇ ಒತ್ತಿ ನೋಡಿದರು, ಒಂದೇ ಬೆರಳಿನಿಂದ,
ಶಾಸ್ತ್ರ ಹೇಳುವ ಗಿಣಿ ಚೀಟಿ ಎತ್ತಿದ ಹಾಗೆ.
ಮುನ್ನೂರಾ ತೊಂಬತ್ತಾರು.
"ಸೆಲ್ ಇಳದೈತಿ ಇದರದು."
ಸೆಲ್ಲೇ ಇಲ್ಲ ಸಾಹುಕಾರ್ರ, ಇದು ಬೆಳಕಿನದು.
ಗೆಣ್ಣು ಎಣಿಸಿದರು. ಹದಿನಾರಕ್ಕೆ ಸಿಗಲಿಲ್ಲ.
ಮತ್ತೆ ಎಣಿಸಿದರು.

ತಿಳಿಸಿ ಹೇಳಲು ನಾನು ಬಾಯಿ ತೆರೆಯುವ ಮುಂಚೆ
ತಿಪ್ಪವ್ವ, ಗಂಟಿನ ಬಟ್ಟೆ ಮಡಚುತ್ತ, ನಮ್ಮಿಬ್ಬರನ್ನೂ ನೋಡದೆ:
"ಕತ್ತರಿಸಿದ್ದು ದೊಡ್ಡ ಅರಿವ್ಯಾಗಿಂದ,
ತ್ಯಾಪಿ ಹಚ್ಚಿದ್ದು ಸಣ್ಣ ಅರಿವಿ ಅಳತಿಗೆ.
ಕುಬಸ ಆಗಂಗಿಲ್ರಿ ಅದು."

"ನಾಕ ರೂಪಾಯಿಗೆ ಒಂದ ಚಾನೂ ಬರಂಗಿಲ್ಲ,"
ಅಂದರು ಸಾಹುಕಾರರು, ಅರ್ಧ ತಮಗೇ.
"ಹೌದ್ರಿ. ಅದಕ್ಕ ಕೊಟ್ಟಬಿಡ್ರಿ."

ಅವರು ಒಂದು ಖಣ ಬಿಡಿಸಿ
ಅಂಚು ನೋಡುವವರಂತೆ ಗಲ್ಲಾದ ಮೇಲೆ ಹಾಸಿದರು.
ಬಟ್ಟೆಯಡಿ ಬೆಳಕು ಸಿಗದೆ
ತೊಂಬತ್ತಾರು ಮಸುಕಾಗಿ ಆರಿತು.

ಖಣ ಎತ್ತಿದೆ. ಬಾಗಿಲ ಬಿಸಿಲು ಬಿತ್ತು.
ಮೂಲೆಯಲ್ಲಿ ಒಂದೇ ಒಂದು ಸೊನ್ನೆ.
"ಎಷ್ಟಂತ ಬರೀಲಿ?" ವಹಿ ತಿರುವಿದರು,
ಯಾರನ್ನು ಕೇಳಿದರೋ.
ನಾಲ್ಕು ಒತ್ತಿದೆ. ಸೊನ್ನೆ ಒತ್ತಿದೆ.
ಇನ್ನೊಂದು ಸೊನ್ನೆಗೆ ಬೆರಳು ಹೋಗುವಾಗ
ತಿಪ್ಪವ್ವ ಆಗಲೇ ಮೆಟ್ಟಿಲಿಳಿದು
ಚಪ್ಪಲಿ ಹುಡುಕುತ್ತಿದ್ದಳು.